ಬೂಟ್ ಆಗುವವರೆಗೆ ಕಾದವರ ಚರಿತ್ರೆ

1983ರಲ್ಲಿ ಆಪಲ್ ಕಂಪನಿಯ ಮ್ಯಾಕಿಂಟಾಷ್ ತಂಡ ತನ್ನ ಹೊಸ ಕಂಪ್ಯೂಟರನ್ನು ಮಾರುಕಟ್ಟೆಗೆ ತರುವ ಗಡಿಬಿಡಿಯಲ್ಲಿತ್ತು. ಡಿಸ್ಕಿನಿಂದ ಮಾಹಿತಿ ಓದುವ ತಂತ್ರಾಂಶವನ್ನು ಬರೆಯುತ್ತಿದ್ದವರು ಲ್ಯಾರಿ ಕೆನ್ಯನ್. ಒಂದು ದಿನ ಸ್ಟೀವ್ ಜಾಬ್ಸ್ ಅವರ ಬಳಿ ಬಂದು, ಯಂತ್ರ ಶುರುವಾಗಲು ತುಂಬ ಹೊತ್ತು ಹಿಡಿಯುತ್ತಿದೆ, ಇದನ್ನು ಕಡಿಮೆ ಮಾಡಲೇಬೇಕು ಎಂದರು. ಇನ್ನು ಆಗುವುದಿಲ್ಲ ಎಂಬ ಅರ್ಥದಲ್ಲಿ ಕೆನ್ಯನ್ ಏನೋ ಹೇಳಹೊರಟಾಗ ಜಾಬ್ಸ್ ಒಂದು ಲೆಕ್ಕ ಮುಂದಿಟ್ಟರು. ಈ ಯಂತ್ರವನ್ನು 50 ಲಕ್ಷ ಜನ ಬಳಸುತ್ತಾರೆ ಎಂದುಕೊಳ್ಳಿ. ಪ್ರತಿಯೊಬ್ಬರಿಗೂ ದಿನಕ್ಕೆ ಹತ್ತು ಸೆಕೆಂಡು ಉಳಿಸಿದರೆ ಒಟ್ಟು 5 ಕೋಟಿ ಸೆಕೆಂಡು ಉಳಿಯುತ್ತದೆ. ವರ್ಷಕ್ಕೆ ಲೆಕ್ಕ ಹಾಕಿದರೆ ಹತ್ತಾರು ಜನರ ಇಡೀ ಆಯುಸ್ಸು. ಹತ್ತು ಸೆಕೆಂಡು ಕಡಿತ ಮಾಡಿ ಅಷ್ಟು ಜೀವ ಉಳಿಸಲಾರಿರಾ? ತಂಡದಲ್ಲಿದ್ದ ಆಂಡಿ ಹರ್ಟ್ಸ್‌ಫೆಲ್ಡ್ ಈ ಪ್ರಸಂಗವನ್ನು ಬರೆದಿಟ್ಟಿದ್ದಾರೆ. ಮಾತು ಕೇಳಿ ತಮಗೆಲ್ಲ ನಗು ಬಂತು, ಆದರೂ ಮುಂದಿನ ಒಂದೆರಡು ತಿಂಗಳಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚೇ ಕಡಿಮೆ ಮಾಡಿದೆವು ಎಂದೂ ಅವರೇ ಹೇಳುತ್ತಾರೆ.

ನಾನು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿದೆ. ದಿನಕ್ಕೆ 5 ಕೋಟಿ ಸೆಕೆಂಡು ಎಂದರೆ ವರ್ಷಕ್ಕೆ ಸುಮಾರು 578 ವರ್ಷಗಳಷ್ಟು ಹೊತ್ತು. ಒಬ್ಬರ ಆಯುಸ್ಸು 70 ವರ್ಷ ಎಂದು ಹಿಡಿದರೆ ಎಂಟು ಜನ. ಹತ್ತಾರು ಎನ್ನುವುದು ಮಾರುವವರ ಉತ್ಪ್ರೇಕ್ಷೆ; ಎಂಟೂ ಸಣ್ಣ ಸಂಖ್ಯೆಯೇನಲ್ಲ. ಆದರೆ ಈ ಲೆಕ್ಕದ ಅಡಿಯಲ್ಲಿ ಇನ್ನೊಂದು ಊಹೆ ಸದ್ದಿಲ್ಲದೆ ಕೂತಿದೆ. ಬೆಳಿಗ್ಗೆ ಒಮ್ಮೆ ಯಂತ್ರ ಹಾಕುತ್ತಾರೆ, ಸಂಜೆ ಆರಿಸುತ್ತಾರೆ ಎಂಬುದು ಅದು. ನಡುವೆ ಕರೆಂಟು ಹೋಗುವುದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲೋ ಅದರ ಮುಂದಿನ ದಶಕದಲ್ಲೋ ಕರ್ನಾಟಕದ ಯಾವುದಾದರೂ ತಾಲ್ಲೂಕು ಕೇಂದ್ರದಲ್ಲಿ ಕಂಪ್ಯೂಟರಿನ ಮುಂದೆ ಕೂತವರಿಗೆ ಈ ‘ದಿನಕ್ಕೊಮ್ಮೆ’ ಎಂಬ ಮಾತು ತಮಾಷೆಯಾಗಿ ಕೇಳಿಸೀತು. ಬೇಸಿಗೆ ಬಂತೆಂದರೆ ಲೋಡ್ ಶೆಡ್ಡಿಂಗ್. ಯುಪಿಎಸ್ ಇದ್ದರೆ ಕಡತವನ್ನು ಉಳಿಸಿಕೊಳ್ಳುವಷ್ಟು ಹೊತ್ತು ‘ಪೀಂ ಪೀಂ’ ಎನ್ನುತ್ತಿತ್ತು. ಬ್ಯಾಟರಿ ಹಳತಾಗಿದ್ದರೆ ಅದೂ ಇಲ್ಲ. ಕರೆಂಟು ಬಂದ ಮೇಲೆ ಮತ್ತೆ ಮೊದಲಿಂದ. ಅದಕ್ಕೂ ಮುನ್ನ ವಿಂಡೋಸ್ 98 ಒಂದು ನೀಲಿ ಪರದೆ ತೋರಿಸಿ, ನೀವು ಹಿಂದಿನ ಸಲ ಯಂತ್ರವನ್ನು ಸರಿಯಾಗಿ ಮುಚ್ಚಲಿಲ್ಲ ಎಂದು ತಕರಾರು ಹೇಳಿ, ಡಿಸ್ಕನ್ನೆಲ್ಲ ತಪಾಸಣೆ ಮಾಡಲು ತೊಡಗುತ್ತಿತ್ತು. ಕರೆಂಟು ಹೋದದ್ದು ನಮ್ಮ ತಪ್ಪು ಎನ್ನುವ ಧಾಟಿ. ನಾನು ಹೋಗುತ್ತಿದ್ದ ಡಿಟಿಪಿ ಅಂಗಡಿಯ ಮಾಲೀಕರು ಗುಂಡಿ ಒತ್ತಿ, “ಬನ್ನಿ ಸರ್, ಒಂದು ಟೀ ಕುಡ್ಕೊಂಡು ಬರೋಣ, ಅಷ್ಟೊತ್ತಿಗೆ ಎದ್ದಿರುತ್ತೆ” ಎನ್ನುತ್ತಿದ್ದರು. ಲಗ್ನಪತ್ರಿಕೆ, ಕರಪತ್ರ, ಸ್ಥಳೀಯ ಕವಿಗಳ ಸಂಕಲನ ಎಲ್ಲವೂ ಆ ಒಂದು ಯಂತ್ರದ ಏಳುವಿಕೆಗೆ ಕಾದಿರುತ್ತಿದ್ದವು.

ಆ ಹೊತ್ತಿನಲ್ಲಿ ಯಂತ್ರ ಏನು ಮಾಡುತ್ತಿತ್ತು? ಏನೋ ಯೋಚಿಸುತ್ತಿದೆ ಎಂದು ನಾವು ಅಂದುಕೊಳ್ಳುತ್ತಿದ್ದೆವು. ಮುಂಭಾಗದ ಕೆಂಪು ದೀಪ ಮಿಣುಕುತ್ತಿತ್ತು, ಒಳಗಿನಿಂದ ಇಲಿ ಕೆರೆದಂತೆ ಸದ್ದು ಬರುತ್ತಿತ್ತು. ವಾಸ್ತವದಲ್ಲಿ ಒಳಗೆ ಒಂದು ಪುಟ್ಟ ತೋಳು ಅತ್ತಿಂದಿತ್ತ ಓಡಾಡುತ್ತಿತ್ತು. ಮಿಕ್ಕೆಲ್ಲ ಭಾಗಗಳು ನಮ್ಮಂತೆಯೇ ಅದಕ್ಕಾಗಿ ಕಾಯುತ್ತ ಕೂತಿದ್ದವು. ಕಂಪ್ಯೂಟರಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಚಿಪ್ಪಿನ ಚರಿತ್ರೆ ಬರೆಯುತ್ತಾರೆ: ಇಷ್ಟು ಟ್ರಾನ್ಸಿಸ್ಟರು, ಇಷ್ಟು ವೇಗ, ಎರಡು ವರ್ಷಕ್ಕೆ ಇಮ್ಮಡಿ. ಬಳಸಿದವರ ದಿನಗಳು ಕಳೆದದ್ದು ಮಾತ್ರ ಹೆಚ್ಚಾಗಿ ಆ ತೋಳಿನ ಚರಿತ್ರೆಯೊಳಗೆ ಎಂಬುದು ನನ್ನ ಅಭಿಪ್ರಾಯ.

‘ಬೂಟ್’ ಎಂಬ ಪದದಿಂದಲೇ ಶುರು ಮಾಡಬಹುದು. ಬೂಟಿನ ಹಿಂಭಾಗದಲ್ಲಿ ಅದನ್ನು ಕಾಲಿಗೆ ಎಳೆದುಕೊಳ್ಳಲು ಒಂದು ಪಟ್ಟಿಯಿರುತ್ತದೆ. ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲಕ್ಕೆತ್ತಿಕೊಳ್ಳುವುದು ಎಂದರೆ ಹತ್ತೊಂಬತ್ತನೇ ಶತಮಾನದ ಇಂಗ್ಲಿಷಿನಲ್ಲಿ ಆಗದ ಹೋಗದ ಕೆಲಸ ಎಂದರ್ಥ. ಕೂತ ಚಾಪೆಯನ್ನು ಕೂತವನೇ ಎತ್ತಲು ಹೊರಟ ಹಾಗೆ. ಕಂಪ್ಯೂಟರಿನ ಮುಂದೆ ನಿಜಕ್ಕೂ ಇಂಥದೇ ಸಮಸ್ಯೆಯಿತ್ತು. ಯಂತ್ರ ಏನು ಮಾಡಬೇಕಿದ್ದರೂ ಅದರ ಸ್ಮೃತಿಯಲ್ಲಿ ಆದೇಶಗಳಿರಬೇಕು. ಆದೇಶಗಳನ್ನು ಹೊರಗಿನಿಂದ ಸ್ಮೃತಿಗೆ ತರುವುದೂ ಒಂದು ಕೆಲಸವೇ; ಅದಕ್ಕೂ ಆದೇಶ ಬೇಕು. ಆ ಮೊದಲ ಆದೇಶವನ್ನು ತರುವವರು ಯಾರು? ಮೊದಮೊದಲು ಅದನ್ನು ಮನುಷ್ಯರೇ ಕೈಯಾರೆ ಮಾಡುತ್ತಿದ್ದರು.

1975ರಲ್ಲಿ ಬಂದ ಆಲ್ಟೇರ್ 8800 ಎಂಬ ಪುಟ್ಟ ಯಂತ್ರಕ್ಕೆ ಕೀಲಿಮಣೆಯೂ ಇರಲಿಲ್ಲ, ಪರದೆಯೂ ಇರಲಿಲ್ಲ. ಮುಂಭಾಗದಲ್ಲಿ ಸಾಲು ಸ್ವಿಚ್ಚುಗಳಿದ್ದವು. ಒಂದೊಂದು ಬೈಟನ್ನೂ ಎಂಟು ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ತುಂಬಬೇಕು. ಹೀಗೆ ತುಂಬಿದ ಚಿಕ್ಕ ಆದೇಶಮಾಲೆ ಕಾಗದದ ಪಟ್ಟಿಯ ಮೇಲಿನ ರಂಧ್ರಗಳನ್ನು ಓದಿ ದೊಡ್ಡ ತಂತ್ರಾಂಶವನ್ನು ಒಳಗೆ ತರುತ್ತಿತ್ತು. ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಈ ಯಂತ್ರಕ್ಕಾಗಿ ಬೇಸಿಕ್ ಭಾಷೆಯನ್ನು ಬರೆದರು. ಅದನ್ನು ತೋರಿಸಲು ಅಲೆನ್ ಆಲ್ಬುಕರ್ಕಿಗೆ ವಿಮಾನ ಹತ್ತಿದರು. ಕಾಗದದ ಪಟ್ಟಿಯನ್ನು ಓದುವ ಆ ಮೊದಲ ಆದೇಶಮಾಲೆಯನ್ನೇ ಬರೆದಿಲ್ಲವೆಂಬುದು ದಾರಿಯಲ್ಲಿ ಹೊಳೆಯಿತು. ವಿಮಾನ ಇಳಿಯುವುದರೊಳಗೆ ಕಾಗದದ ಮೇಲೆ ಗೀಚಿ ಮುಗಿಸಿದರು. ಅಲ್ಲಿ ಯಂತ್ರ ಎರಡಕ್ಕೆ ಎರಡು ಕೂಡಿಸಿ ನಾಲ್ಕು ಎಂದು ಉತ್ತರಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅಷ್ಟಾಗಿ ಗೊತ್ತಿಲ್ಲದ ಸಂಗತಿ ಎಂದರೆ, ಸೆಕೆಂಡಿಗೆ ಹತ್ತು ಅಕ್ಷರ ಓದುವ ಟೆಲಿಟೈಪಿನಲ್ಲಿ 4 ಕಿಲೋಬೈಟಿನ ಪಟ್ಟಿ ಒಳಗೆ ಹೋಗಲು ಸುಮಾರು ಏಳು ನಿಮಿಷ ಬೇಕು. ಮೈಕ್ರೋಸಾಫ್ಟಿನ ಮೊದಲ ಬೂಟ್ ಅದೇ. ಪ್ಲಗ್ಗು ಕಿತ್ತರೆ ಎಲ್ಲ ಮರೆತುಹೋಗುತ್ತಿತ್ತು. ಮತ್ತೆ ಸ್ವಿಚ್ಚು, ಮತ್ತೆ ಪಟ್ಟಿ.

ಮರೆವು ಕಂಪ್ಯೂಟರಿಗೆ ಹುಟ್ಟಿನಿಂದ ಬಂದದ್ದಲ್ಲ. ಆಲ್ಟೇರಿಗಿಂತ ಇಪ್ಪತ್ತು ವರ್ಷ ಹಿಂದೆ, 1953ರಲ್ಲಿ, ಎಂಐಟಿಯ ವರ್ಲ್‌ವಿಂಡ್ ಕಂಪ್ಯೂಟರಿನಲ್ಲಿ ಜೇ ಫಾರೆಸ್ಟರ್ ಅವರ ತಂಡ ಅಯಸ್ಕಾಂತದ ಸಣ್ಣ ಉಂಗುರಗಳಿಂದ ಮಾಡಿದ ಸ್ಮೃತಿಯನ್ನು ಅಳವಡಿಸಿತು. ತಂತಿಗಳಿಗೆ ಮಣಿ ಪೋಣಿಸಿದಂತೆ ಕಾಣುವ ಜಾಲರಿ. ಒಂದು ಉಂಗುರ ಒಂದು ದಿಕ್ಕಿಗೆ ಕಾಂತೀಯವಾದರೆ ಸೊನ್ನೆ, ಇನ್ನೊಂದು ದಿಕ್ಕಿಗೆ ಆದರೆ ಒಂದು. ಕರೆಂಟು ಹೋದರೂ ಕಾಂತತ್ವ ಹಾಗೇ ಇರುತ್ತದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ಕಟ್ಟಿ 1960ರಲ್ಲಿ ನಡೆಸತೊಡಗಿದ ಟಿಫ್ರಾಕ್ ಕಂಪ್ಯೂಟರಿನಲ್ಲೂ ಇದ್ದದ್ದು ಇಂಥದೇ ಸ್ಮೃತಿ: ತಲಾ 40 ಬಿಟ್ಟುಗಳ 2,048 ಪದಗಳು. ಅರವತ್ತರ ದಶಕದ ಮಿನಿಕಂಪ್ಯೂಟರುಗಳಲ್ಲಿ ಮೊದಲ ಆದೇಶಮಾಲೆಯನ್ನು ಒಮ್ಮೆ ಸ್ವಿಚ್ಚಿನಿಂದ ತುಂಬಿದರೆ, ಯಾವುದಾದರೂ ತಂತ್ರಾಂಶ ಅದನ್ನು ಅಳಿಸುವವರೆಗೆ ಅಲ್ಲೇ ಉಳಿಯುತ್ತಿತ್ತು. ರಾತ್ರಿ ಯಂತ್ರ ಆರಿಸಿ ಬೆಳಿಗ್ಗೆ ಹಾಕಿದರೆ ಅದು ನಿನ್ನೆಯದನ್ನು ಮರೆತಿರುತ್ತಿರಲಿಲ್ಲ.

1970ರಲ್ಲಿ ಇಂಟೆಲ್ 1103 ಎಂಬ ಚಿಪ್ಪು ಬಂತು. ಒಂದೊಂದು ಬಿಟ್ಟನ್ನೂ ಪುಟ್ಟ ವಿದ್ಯುದಂಶವಾಗಿ ಹಿಡಿದಿಡುವ ಚಿಪ್ಪು. ಅಗ್ಗ, ಚಿಕ್ಕದು, ವೇಗವಾದದ್ದು. ಆದರೆ ಸೋರುವ ಬಿಂದಿಗೆ. ಕ್ಷಣಕ್ಷಣಕ್ಕೂ ಮತ್ತೆ ತುಂಬುತ್ತಿರಬೇಕು, ಕರೆಂಟು ಹೋದರೆ ಖಾಲಿ. ದಶಕ ಮುಗಿಯುವುದರೊಳಗೆ ಉಂಗುರಗಳ ಜಾಲರಿ ವಸ್ತುಸಂಗ್ರಹಾಲಯದ ದಾರಿ ಹಿಡಿಯಿತು. ಕಂಪ್ಯೂಟರು ಅಗ್ಗವಾಗಿ ಮನೆಗೆ ಬರಲು ಈ ಮರೆವೇ ಕಾರಣ ಎನ್ನಬಹುದು. ಪ್ರತಿ ಸಲವೂ ಹೊಸದಾಗಿ ಹುಟ್ಟುವ, ಹುಟ್ಟಿದ ಮೇಲೆ ಎಲ್ಲವನ್ನೂ ಇನ್ನೆಲ್ಲಿಂದಲೋ ಓದಿಕೊಳ್ಳಬೇಕಾದ ಯಂತ್ರ ನಮ್ಮ ಪಾಲಿಗೆ ಬಂತು.

ನಡುವೆ ಒಂದು ಸುಖದ ಕಾಲವಿತ್ತು. 1981ರ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಬಂದ ಬಿಬಿಸಿ ಮೈಕ್ರೋ ಎಂಬ ಯಂತ್ರದಲ್ಲಿ ತಂತ್ರಾಂಶವನ್ನು ಅಳಿಸಲಾಗದ ರಾಮ್ ಅಲ್ಲದ ರೋಮ್ ಚಿಪ್ಪಿನಲ್ಲೇ ಕೆತ್ತಿ ಕೂಡಿಸಿದ್ದರು. ಗುಂಡಿ ಒತ್ತಿದರೆ ‘ಬೀಪ್’ ಎಂಬ ಸದ್ದು. ತಲೆ ಎತ್ತುವುದರೊಳಗೆ ಪರದೆಯ ಮೇಲೆ ಅಕ್ಷರ ಮೂಡಿ, ನಿಮ್ಮ ಆಜ್ಞೆಗೆ ಕಾದಿರುತ್ತಿತ್ತು. ಎಂಬತ್ತರ ದಶಕದ ನಡುವೆ ಭಾರತ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಡಿ ಆಯ್ದ ಶಾಲೆಗಳಿಗೆ ಕೊಟ್ಟದ್ದು ಇದೇ ಯಂತ್ರಗಳನ್ನು. ಶಾಲೆಯಲ್ಲಿ ಅದನ್ನು ಮುಟ್ಟಿದ ಮಕ್ಕಳು ಹತ್ತು ಹದಿನೈದು ವರ್ಷ ಕಳೆದ ಮೇಲೆ ನೂರಾರು ಪಟ್ಟು ಶಕ್ತಿಯ ಯಂತ್ರದ ಮುಂದೆ ಕೂತು ಎರಡು ಮೂರು ನಿಮಿಷ ಮೋಡದ ಚಿತ್ರ ನೋಡುತ್ತ ಕಾದರು. ತಂತ್ರಾಂಶ ಚಿಪ್ಪಿನಲ್ಲಿ ಹಿಡಿಸದಷ್ಟು ಬೆಳೆದಿತ್ತು. ಅದು ಹಾರ್ಡ್ ಡಿಸ್ಕಿಗೆ ಹೋಗಿತ್ತು.

ಹಾರ್ಡ್ ಡಿಸ್ಕ್ ಅದಾಗಲೇ ಹಳೆಯ ಯಂತ್ರ. 1956ರ ಸೆಪ್ಟೆಂಬರಿನಲ್ಲಿ ಐಬಿಎಂ ಅದನ್ನು ರಾಮಾಕ್ ಎಂಬ ಕಂಪ್ಯೂಟರಿನ ಜೊತೆ ಹೊರತಂದಿತು. ಸ್ಯಾನ್ ಹೋಸೆಯ ಪ್ರಯೋಗಾಲಯದಲ್ಲಿ ಈ ಕೆಲಸದ ಮುಂದಾಳತ್ವ ವಹಿಸಿದವರು ರೆನಾಲ್ಡ್ ಜಾನ್ಸನ್, ಒಂದು ಕಾಲದಲ್ಲಿ ಶಾಲಾ ಮೇಷ್ಟರಾಗಿದ್ದವರು. 24 ಇಂಚು ಅಗಲದ 50 ತಟ್ಟೆಗಳು ಒಂದರ ಮೇಲೊಂದು ಪೇರಿಸಿದಂತೆ ನಿಂತು ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ಅಷ್ಟೂ ತಟ್ಟೆಗಳನ್ನು ಓದಲು ಇದ್ದದ್ದು ಒಂದೇ ತೋಳು. ಅದು ಏಣಿಯ ಮೇಲಿನ ಆಳಿನಂತೆ ಮೇಲೆ ಕೆಳಗೆ ಸರಿದು, ಬೇಕಾದ ತಟ್ಟೆಯ ಮುಂದೆ ನಿಂತು, ಒಳಕ್ಕೆ ಚಾಚಿಕೊಳ್ಳಬೇಕು. ಒಂದು ಮಾಹಿತಿಯನ್ನು ತಲುಪಲು ಸರಾಸರಿ 600 ಮಿಲಿಸೆಕೆಂಡು, ಅಂದರೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ಒಟ್ಟು ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಅದಕ್ಕೆ ಮುಂಚೆ ಮಾಹಿತಿಯನ್ನು ರಂಧ್ರದ ಕಾರ್ಡುಗಳ ಕಂತೆಯಲ್ಲಿ ಹುಡುಕುತ್ತಿದ್ದವರಿಗೆ ಅದು ಪವಾಡವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಮುಂದಿನ ಅರ್ಧ ಶತಮಾನದಲ್ಲಿ ಏನಾಯಿತು ನೋಡಿ. 2007ರಲ್ಲಿ ಅಂಗೈ ಅಗಲದ ಡಿಸ್ಕಿನಲ್ಲಿ ಒಂದು ಟೆರಾಬೈಟ್ ಹಿಡಿಸಿತು. ರಾಮಾಕ್‌ಗೆ ಹೋಲಿಸಿದರೆ ಎರಡೂವರೆ ಲಕ್ಷ ಪಟ್ಟಿಗೂ ಹೆಚ್ಚು. ಆದರೆ ಒಂದು ಮಾಹಿತಿಯನ್ನು ತಲುಪುವ ಹೊತ್ತು? ಮೇಜಿನ ಕಂಪ್ಯೂಟರಿನ ಸಾಮಾನ್ಯ ಡಿಸ್ಕ್ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಜಾಗ ತೋಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು ಸುಮಾರು 4 ಮಿಲಿಸೆಕೆಂಡು. ತೋಳು ಸರಿದು ನಿಲ್ಲಲು ಇನ್ನೊಂದು 9. ಒಟ್ಟು 13. ಅರುನೂರರಿಂದ ಹದಿಮೂರಕ್ಕೆ, ಅಂದರೆ ಐವತ್ತು ವರ್ಷದಲ್ಲಿ ಐವತ್ತು ಪಟ್ಟಿನ ಸುಧಾರಣೆಯೂ ಇಲ್ಲ. ಜಾಗ ಲಕ್ಷಗಟ್ಟಲೆ ಬೆಳೆಯಿತು, ಚಿಪ್ಪು ಸಾವಿರ ಸಾವಿರ ಪಟ್ಟು ಓಡಿತು, ತೋಳು ಮಾತ್ರ ತೋಳಾಗಿಯೇ ಉಳಿಯಿತು. ತೂಕವಿರುವ ವಸ್ತುವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ದು ನಿಲ್ಲಿಸಲು ಹೊತ್ತು ಹಿಡಿಯುತ್ತದೆ. ಎಷ್ಟು ಜಾಣ ಇಂಜಿನಿಯರಾದರೂ ಅದನ್ನು ತಪ್ಪಿಸಲಾರ.

ಹದಿಮೂರು ಮಿಲಿಸೆಕೆಂಡು ನಮಗೆ ಕಣ್ಣೆವೆ ಮುಚ್ಚುವ ಹೊತ್ತಿಗಿಂತಲೂ ಕಡಿಮೆ. ಯಂತ್ರದ ಕಡೆಯಿಂದ ನೋಡಿದರೆ ಬೇರೆ. ಮೂರು ಗಿಗಾಹರ್ಟ್ಸಿನ ಸಂಸ್ಕಾರಕ ಅಷ್ಟು ಹೊತ್ತಿನಲ್ಲಿ ಸುಮಾರು 4 ಕೋಟಿ ಸಲ ಬಡಿದಿರುತ್ತದೆ. ಒಂದು ಬಡಿತವನ್ನು ಒಂದು ಸೆಕೆಂಡು ಎಂದು ಹಿಗ್ಗಿಸಿ ನೋಡಿ: ನೀವು ಗ್ರಂಥಾಲಯದಲ್ಲಿ ಒಂದು ಹಾಳೆ ಬೇಕೆಂದು ಚೀಟಿ ಕೊಟ್ಟಿದ್ದೀರಿ, ಒಳಗೆ ಹೋದ ಅಟೆಂಡರು ಅದನ್ನು ಹಿಡಿದು ಹೊರಬರಲು ಹದಿನೈದು ತಿಂಗಳು. ಬಂದ ಮೇಲೆ ಇನ್ನೊಂದು ಚೀಟಿ. ಕಂಪ್ಯೂಟರು ಏಳುವಾಗ ಇಂಥ ಚೀಟಿಗಳು ಸಾವಿರಗಟ್ಟಲೆ. ಅಕ್ಷರಶೈಲಿಗಳು, ಮುದ್ರಕದ ತಂತ್ರಾಂಶ, ವೈರಸ್ ಕಾವಲುಗಾರ, ಎಂದೋ ಹಾಕಿ ಮರೆತ ಆಟ, ಎಲ್ಲವೂ ಡಿಸ್ಕಿನ ಬೇರೆ ಬೇರೆ ಮೂಲೆಯಲ್ಲಿ. ಹತ್ತು ಸಾವಿರ ಸಲ ತೋಳು ಸರಿದರೆ 130 ಸೆಕೆಂಡು. ಟೀ ಕುಡಿದು ಬರುವ ಹೊತ್ತು ಇದೇ. ಅದೇ ಡಿಸ್ಕ್ ತೋಳನ್ನು ಅಲುಗಿಸದೆ ಒಂದೇ ಸಮನೆ ಓದಿದರೆ ಸೆಕೆಂಡಿಗೆ ನೂರು ಮೆಗಾಬೈಟ್ ಕೊಡಬಲ್ಲದು. ಚೂರುಚೂರಾಗಿ ಕೇಳಿದರೆ ಅದರ ಮುನ್ನೂರನೇ ಒಂದು ಭಾಗ.

ಆದ್ದರಿಂದಲೇ ತಂತ್ರಾಂಶ ಬರೆಯುವವರು ಎರಡು ದಶಕ ತೋಳನ್ನು ಓಲೈಸುವುದರಲ್ಲಿ ಕಳೆದರು. ಹರಿದು ಹಂಚಿಹೋದ ಕಡತಗಳನ್ನು ಒಟ್ಟುಗೂಡಿಸುವ ‘ಡಿಫ್ರಾಗ್’ ನೆನಪಿದೆಯೇ? ಬಣ್ಣಬಣ್ಣದ ಚೌಕಗಳು ಒಂದೊಂದಾಗಿ ಸರಿಯುವುದನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ, ಅದರಲ್ಲಿ ರಂಗೋಲಿ ನೋಡಿದಂಥ ಸಮಾಧಾನವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಇನ್ನೂ ಜಾಣ. ಏಳುವಾಗ ಯಾವ ಯಾವ ಕಡತ ಯಾವ ಕ್ರಮದಲ್ಲಿ ಬೇಕಾಯಿತು ಎಂದು ಬರೆದಿಟ್ಟುಕೊಂಡು, ಮುಂದಿನ ಸಲ ಕೇಳುವ ಮೊದಲೇ ತಂದಿಡುತ್ತಿತ್ತು. ಕೆಲವು ದಿನಗಳಿಗೊಮ್ಮೆ ಅವುಗಳನ್ನು ಡಿಸ್ಕಿನಲ್ಲಿ ಪಕ್ಕಪಕ್ಕದಲ್ಲಿ ಜೋಡಿಸಿಯೂ ಇಡುತ್ತಿತ್ತು. ಜೊತೆಗೆ ಒಂದು ಸಣ್ಣ ಮೋಸ. ಎಲ್ಲ ಮುಗಿಯುವ ಮೊದಲೇ ಮೇಜಿನ ಪರದೆ ತೋರಿಸಿಬಿಡುತ್ತಿತ್ತು. ಬಂತು ಎಂದು ಗುಂಡಿ ಒತ್ತಿದರೆ ಏನೂ ಆಗುತ್ತಿರಲಿಲ್ಲ, ಮರಳು ಗಡಿಯಾರ ತಿರುಗುತ್ತಿತ್ತು. ಅನ್ನ ಬೇಯುವ ಮೊದಲೇ ಎಲೆ ಹಾಕಿ ಕೂರಿಸುವ ಉಪಾಯ.

ತೋಳೇ ಬೇಡದ ದಾರಿ ಜಪಾನಿನಲ್ಲಿ ಸಿದ್ಧವಾಗುತ್ತಿತ್ತು. ಅದರ ಬೀಜ 1967ರಷ್ಟು ಹಿಂದಿನದು. ಬೆಲ್ ಪ್ರಯೋಗಾಲಯದ ಡಾವನ್ ಕಾಂಗ್ ಮತ್ತು ಸೈಮನ್ ಝೀ, ಟ್ರಾನ್ಸಿಸ್ಟರಿನ ಒಳಗೆ ಸುತ್ತಲೂ ನಿರೋಧಕ ಗೋಡೆಯಿರುವ ಒಂದು ಕೋಣೆ ಮಾಡಿ ಅದರೊಳಗೆ ಎಲೆಕ್ಟ್ರಾನುಗಳನ್ನು ಕೂಡಿಹಾಕಬಹುದೆಂದು ತೋರಿಸಿದರು. ಬಾಗಿಲಿಲ್ಲದ ಕೋಣೆ; ಹೆಚ್ಚಿನ ವೋಲ್ಟೇಜು ಕೊಟ್ಟಾಗ ಗೋಡೆಯನ್ನೇ ತೂರಿ ಒಳಹೋಗುತ್ತವೆ, ಆಮೇಲೆ ಕರೆಂಟು ಇರಲಿ ಬಿಡಲಿ ಅಲ್ಲೇ ಇರುತ್ತವೆ. ತೊಷಿಬಾ ಕಂಪನಿಯ ಫುಜಿಯೊ ಮಸುವೊಕ ಈ ಕೋಣೆಗಳನ್ನು ಒಂದೊಂದಾಗಿ ಖಾಲಿ ಮಾಡುವ ಬದಲು ಒಂದಿಡೀ ಸಮೂಹವನ್ನು ಒಮ್ಮೆಗೇ ಖಾಲಿ ಮಾಡುವ ಅಗ್ಗದ ವಿನ್ಯಾಸ ಮಾಡಿದರು. ಅಳಿಸುವ ರೀತಿ ಕ್ಯಾಮೆರಾದ ಮಿಂಚಿನಂತಿದೆ ಎಂದು ಸಹೋದ್ಯೋಗಿ ಶೋಜಿ ಅರಿಝುಮಿ ಅದಕ್ಕೆ ‘ಫ್ಲ್ಯಾಶ್’ ಎಂಬ ಹೆಸರು ಸೂಚಿಸಿದರು. 1984ರಲ್ಲಿ ಮೊದಲ ಬಗೆಯನ್ನೂ, 1987ರಲ್ಲಿ ಇಂದು ನಾವೆಲ್ಲ ಬಳಸುವ ನ್ಯಾಂಡ್ ಬಗೆಯನ್ನೂ ಮಸುವೊಕ ಜಗತ್ತಿನ ಮುಂದಿಟ್ಟರು. ಅವರು 1994ರಲ್ಲಿ ಕಂಪನಿ ಬಿಟ್ಟು ವಿಶ್ವವಿದ್ಯಾಲಯ ಸೇರಿದರು. ಹತ್ತು ವರ್ಷದ ನಂತರ ತನ್ನ ಆವಿಷ್ಕಾರಕ್ಕೆ ತಕ್ಕ ಪ್ರತಿಫಲ ಸಿಗಲಿಲ್ಲವೆಂದು 100 ಕೋಟಿ ಯೆನ್ ಕೇಳಿ ದಾವೆ ಹೂಡಿದರು. 2006ರಲ್ಲಿ ರಾಜಿಯಾಯಿತು, 8.7 ಕೋಟಿ ಯೆನ್‌ಗೆ. ಜಗತ್ತಿನ ಪ್ರತಿ ಮೊಬೈಲಿನಲ್ಲೂ ಕೂತಿರುವ ವಸ್ತುವಿಗೆ ಅದು ಬಹಳ ಸಣ್ಣ ದಕ್ಷಿಣೆ ಎಂದು ನನಗನ್ನಿಸುತ್ತದೆ.

ಈ ಚಿಪ್ಪುಗಳನ್ನು ಹಾರ್ಡ್ ಡಿಸ್ಕಿನ ಆಕಾರದ ಡಬ್ಬಿಯಲ್ಲಿಟ್ಟು, ಕಂಪ್ಯೂಟರಿಗೆ ತಾನೂ ಒಂದು ಡಿಸ್ಕೇ ಎಂದು ನಂಬಿಸುವ ಸಾಧನವೇ ಸಾಲಿಡ್ ಸ್ಟೇಟ್ ಡ್ರೈವ್, ಎಸ್‌ಎಸ್‌ಡಿ. ಮುಂದೆ ಸ್ಯಾನ್‌ಡಿಸ್ಕ್ ಎಂದು ಹೆಸರಾದ ಕಂಪನಿ 1991ರಲ್ಲಿ ಐಬಿಎಂಗಾಗಿ ಅಂಥದೊಂದನ್ನು ಮಾಡಿತು. 20 ಮೆಗಾಬೈಟಿಗೆ ಸುಮಾರು ಸಾವಿರ ಡಾಲರು. ಆ ಕಂಪನಿಯ ಮೂವರು ಸ್ಥಾಪಕರಲ್ಲಿ ಒಬ್ಬರು ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ. ಆ ಬೆಲೆಯಲ್ಲಿ ಮನೆಮಂದಿಗೆ ಅದರ ಗಾಳಿಯೂ ಸೋಕಲಿಲ್ಲ. ಹದಿನೇಳು ವರ್ಷ ಕಳೆದು, 2008ರಲ್ಲಿ, ಇಂಟೆಲ್ 80 ಗಿಗಾಬೈಟಿನ ಎಕ್ಸ್25-ಎಂ ಎಂಬುದನ್ನು 595 ಡಾಲರಿಗೆ ತಂದಾಗ ಗಾಳಿ ದಿಕ್ಕು ಬದಲಿಸಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಿನಕ್ಸ್ ತಂತ್ರಜ್ಞರ ಒಂದು ಸಮಾವೇಶದಲ್ಲಿ ಇಂಟೆಲ್‌ನ ಅರ್ಯನ್ ಫಾನ್ ಡೆ ಫೆನ್ ಮತ್ತು ಔಕೆ ಕೋಕ್ ಇಬ್ಬರು ಎಸ್‌ಎಸ್‌ಡಿ ಇದ್ದ ಪುಟ್ಟ ಅಗ್ಗದ ಇಇಇ ಪಿಸಿಯನ್ನು ಐದು ಸೆಕೆಂಡಿನಲ್ಲಿ ಎಬ್ಬಿಸಿ ತೋರಿಸಿದರು. ನನಗೆ ಇಷ್ಟವಾದದ್ದು ಅವರ ವಿಧಾನ. ‘ಇನ್ನಷ್ಟು ವೇಗ ಮಾಡೋಣ’ ಎಂದು ಅವರು ಹೊರಡಲಿಲ್ಲ. ಐದೇ ಸೆಕೆಂಡು ಎಂದು ಮೊದಲೇ ತೀರ್ಮಾನಿಸಿ, ತಿಂಗಳ ಸಂಬಳವನ್ನು ಮನೆಯವರು ಹಂಚಿಕೊಳ್ಳುವಂತೆ ಅದನ್ನು ಹಂಚಿದರು: ಕರ್ನೆಲ್‌ಗೆ ಒಂದು, ಆರಂಭದ ಸೇವೆಗಳಿಗೆ ಒಂದು, ಚಿತ್ರಪರದೆಗೆ ಒಂದು, ಮಿಕ್ಕದ್ದಕ್ಕೆ ಎರಡು. ತೋಳು ಹೋದ ಮೇಲೆ ಇನ್ನುಳಿದ ಸೋಮಾರಿಗಳು ಯಾರೆಂಬುದು ಬಯಲಾಯಿತು. ಅಲ್ಲಿಯತನಕ ಕೆಟ್ಟ ತಂತ್ರಾಂಶವೂ ಡಿಸ್ಕಿನ ಹಿಂದೆ ಅಡಗಿಕೊಳ್ಳಬಹುದಿತ್ತು.

ಎಸ್‌ಎಸ್‌ಡಿಯಲ್ಲಿ ಒಂದು ಓದಿಗೆ ಹಿಡಿಯುವ ಹೊತ್ತು ಸುಮಾರು 0.1 ಮಿಲಿಸೆಕೆಂಡು. ನಮ್ಮ ಗ್ರಂಥಾಲಯದ ಲೆಕ್ಕದಲ್ಲಿ ಹದಿನೈದು ತಿಂಗಳು ಮೂರೂವರೆ ದಿನಕ್ಕಿಳಿಯಿತು. ಆ ನಂತರ ಬಂದ ಎನ್‌ವಿಎಂಇ ಬಗೆಯವು ಕಾಗದದ ಮೇಲೆ ಇನ್ನೂ ಹಲವು ಪಟ್ಟು ವೇಗದವು. ಆದರೆ ಏಳುವ ಹೊತ್ತಿನಲ್ಲಿ ಮೊದಲ ಬದಲಾವಣೆಯಷ್ಟು ಸುಖ ಎರಡನೆಯದರಿಂದ ಸಿಗುವುದಿಲ್ಲ. ಅಷ್ಟರಲ್ಲಿ ಉಳಿದಿರುವುದು ಬಹುಪಾಲು ಯಂತ್ರ ತನ್ನ ಬಿಡಿಭಾಗಗಳನ್ನು ತಾನೇ ಎಣಿಸಿ ನೋಡಿಕೊಳ್ಳುವ ಹೊತ್ತು. ಹಳೆಯ ಲ್ಯಾಪ್‌ಟಾಪಿಗೆ ಯಾವುದನ್ನು ಹಾಕಿಸಲಿ ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು, ನಿಮ್ಮದರಲ್ಲಿ ಯಾವುದು ಕೂರುತ್ತದೋ ಅದನ್ನು, ಅಗ್ಗದ್ದಾದರೂ ಸರಿ.

2011ರಲ್ಲಿ ಥಾಯ್ಲೆಂಡಿನಲ್ಲಿ ಮಹಾಪ್ರವಾಹ ಬಂತು. ಹಾರ್ಡ್ ಡಿಸ್ಕ್ ಕಾರ್ಖಾನೆಗಳು ನೀರಲ್ಲಿ ಮುಳುಗಿ ಡಿಸ್ಕಿನ ಬೆಲೆ ಜಗತ್ತಿನಾದ್ಯಂತ ಏರಿತು. ಫ್ಲ್ಯಾಶ್ ಬೆಲೆ ಇಳಿಯುತ್ತಲೇ ಇತ್ತು. ನಮ್ಮ ಕಡೆಗೆ ಅದು ತಲುಪಲು ಇನ್ನೂ ಐದಾರು ವರ್ಷ ಬೇಕಾಯಿತು. ನಾನು ಏಳು ವರ್ಷದ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದದ್ದು ಹೊಸದನ್ನು ಕೊಳ್ಳುವ ಉದ್ದೇಶದಿಂದಲೇ. ಗಲ್ಲೆಯ ಹಿಂದಿದ್ದ ಹುಡುಗ ಮುಚ್ಚಳ ತೆರೆದು ನೋಡಿ, “ಮಿಷನ್ ಚೆನ್ನಾಗೇ ಇದೆ ಸರ್. ಡಿಸ್ಕ್ ಒಂದು ಚೇಂಜ್ ಮಾಡ್ಸಿ, ಇನ್ನೊಂದೈದು ವರ್ಷ ಓಡುತ್ತೆ” ಎಂದ. ಎರಡು ಸಾವಿರ ಚಿಲ್ಲರೆ ರೂಪಾಯಿ, ಅರ್ಧ ಗಂಟೆಯ ಕೆಲಸ. ಒಂದೂವರೆ ನಿಮಿಷಕ್ಕೆ ಏಳುತ್ತಿದ್ದದ್ದು ಹದಿನೈದು ಸೆಕೆಂಡಿಗೆ ಎದ್ದಿತು. ಹೊಸದನ್ನು ಮಾರಿದ್ದರೆ ಅವನಿಗೆ ಲಾಭ ಹೆಚ್ಚಿತ್ತು ಎಂಬುದನ್ನು ಇಲ್ಲಿ ಬರೆದಿಡಬೇಕು.

ಹಾಗಾದರೆ ಅದುವರೆಗೆ ‘ಹಳೆಯದಾಯಿತು, ನಿಧಾನವಾಯಿತು’ ಎಂದು ಕಚೇರಿಗಳಿಂದ, ಶಾಲೆಗಳಿಂದ ಗುಜರಿಗೆ ಹೋದ ಯಂತ್ರಗಳಲ್ಲಿ ಎಷ್ಟರ ಮಿದುಳು ಗಟ್ಟಿಮುಟ್ಟಾಗಿತ್ತೋ. ಸೋತದ್ದು ತೋಳು, ಶಿಕ್ಷೆ ಇಡೀ ದೇಹಕ್ಕೆ. ಈಗ ಮತ್ತೊಂದು ಸುತ್ತು ಬಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಭದ್ರತೆಯ ಚಿಪ್ಪು ಹೊಸ ಬಗೆಯದಲ್ಲ, ಸಂಸ್ಕಾರಕ ಪಟ್ಟಿಯಲ್ಲಿಲ್ಲ ಎಂಬ ಕಾರಣಕ್ಕೆ ವಿಂಡೋಸ್ 11 ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಎಸ್‌ಎಸ್‌ಡಿಯಿಂದ ಮರುಹುಟ್ಟು ಪಡೆದವು ಹದಿನೈದು ಸೆಕೆಂಡಿಗೆ ಎದ್ದು ನಿಂತು, ನಿನಗೆ ವಯಸ್ಸಾಯಿತು ಎನ್ನಿಸಿಕೊಳ್ಳುತ್ತಿವೆ. ನನ್ನದಕ್ಕೆ ಲಿನಕ್ಸ್ ಹಾಕಿಸಿಕೊಂಡಿದ್ದೇನೆ. ಈ ಲೇಖನ ಅದರಲ್ಲೇ ಬರೆದದ್ದು.

ಇತ್ತ ಏಳುವುದು ಎಂಬ ಕ್ರಿಯೆಯೇ ಮಾಯವಾಗುತ್ತಿದೆ. ಮೊಬೈಲನ್ನು ಯಾರೂ ಆರಿಸುವುದಿಲ್ಲ. 2012ರ ವಿಂಡೋಸ್ 8ರಿಂದ ಈಚೆಗೆ ಬಹುತೇಕ ಯಂತ್ರಗಳಲ್ಲಿ ‘ಶಟ್ ಡೌನ್’ ಒತ್ತಿದರೂ ಪೂರ್ತಿ ಮುಚ್ಚುವುದಿಲ್ಲ. ತಂತ್ರಾಂಶದ ತಿರುಳನ್ನು ಇದ್ದ ಸ್ಥಿತಿಯಲ್ಲೇ ಡ್ರೈವಿಗೆ ಬರೆದಿಟ್ಟು ಮಲಗುತ್ತದೆ, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ನಿಜವಾಗಿ ಮೊದಲಿಂದ ಶುರು ಮಾಡಬೇಕಿದ್ದರೆ ‘ರೀಸ್ಟಾರ್ಟ್’ ಒತ್ತಬೇಕು. ಪದಗಳ ಅರ್ಥ ಅದಲುಬದಲಾಗಿದೆ. ಒಂದು ರೀತಿಯಲ್ಲಿ ಇದು ಟಿಫ್ರಾಕ್ ಕಾಲದ ಮಣಿ ಪೋಣಿಸಿದ ಸ್ಮೃತಿಯ ಕಡೆಗೆ ಮರಳುವ ದಾರಿ. ಮರೆಯದ ಮುಖ್ಯಸ್ಮೃತಿಯನ್ನೇ ಮಾಡಿಬಿಡೋಣ ಎಂದು ಇಂಟೆಲ್ ಆಪ್ಟೇನ್ ಎಂಬುದನ್ನು ತಂದು, 2022ರಲ್ಲಿ ಕೈಬಿಟ್ಟಿತು.

ಮರೆವಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಕಡತ ಅಷ್ಟು ಸುಲಭಕ್ಕೆ ಅಳಿಯುತ್ತಿರಲಿಲ್ಲ. ಸೂಚಿಯಿಂದ ಹೆಸರು ಹೋಗುತ್ತಿತ್ತು, ಹಾಳೆ ಅಲ್ಲೇ ಇರುತ್ತಿತ್ತು. ಗೊತ್ತಿದ್ದವರು ಅದನ್ನು ಹೊರತೆಗೆಯುತ್ತಿದ್ದರು. ಎಸ್‌ಎಸ್‌ಡಿಯಲ್ಲಿ ಮೊದಲು ಖಾಲಿ ಮಾಡದೆ ಹೊಸದನ್ನು ಬರೆಯಲಾಗದು. ಆದ್ದರಿಂದ ಅಳಿಸಿದ ಕೂಡಲೇ ‘ಈ ಜಾಗ ಇನ್ನು ಬೇಡ’ ಎಂದು ಕಂಪ್ಯೂಟರು ಅದಕ್ಕೆ ತಿಳಿಸುತ್ತದೆ, ಬಿಡುವಿನಲ್ಲಿ ಅದು ಗುಡಿಸಿಬಿಡುತ್ತದೆ. ‘ಟ್ರಿಮ್’ ಎಂಬ ಈ ಏರ್ಪಾಟು 2009ರ ವಿಂಡೋಸ್ 7ರಿಂದ ಇದೆ. ವೇಗ ಉಳಿಯುವುದು ಈ ಗುಡಿಸುವಿಕೆಯಿಂದಲೇ. ಮೇಲಾಗಿ ಗೋಡೆಯೊಳಗಿನ ಎಲೆಕ್ಟ್ರಾನುಗಳು ನಿಧಾನವಾಗಿ ಸೋರುತ್ತವೆ. ಬರೆಯುವ ಮಿತಿಯನ್ನು ಮುಗಿಸಿದ ಮನೆಬಳಕೆಯ ಎಸ್‌ಎಸ್‌ಡಿ, ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಹಿಡಿದಿದ್ದರೆ ಸಾಕು ಎನ್ನುತ್ತದೆ ಉದ್ಯಮದ ಮಾನದಂಡ. ಹೊಸದು ಇನ್ನೂ ಬಹಳ ಕಾಲ ಹಿಡಿದೀತು. ಆದರೆ ಸೆಕೆ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು, ರಾಯಚೂರಿನ ಮೇ ತಿಂಗಳಲ್ಲಿ ಬೀರುವಿನೊಳಗೆ 30 ಡಿಗ್ರಿಯಲ್ಲಿ ನಿಲ್ಲುವುದಿಲ್ಲ.

ಎಸ್.ಪಿ. ರಸ್ತೆಯ ಹುಡುಗ ಅಂದು ಬಿಚ್ಚಿ ತೆಗೆದ ಡಿಸ್ಕನ್ನು ನೂರೈವತ್ತು ರೂಪಾಯಿಯ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಹಾಕಿ ಕೊಟ್ಟಿದ್ದ. ಡಿಟಿಪಿ ಅಂಗಡಿಯ ಮಾಲೀಕರು ಅಂಗಡಿ ಮುಚ್ಚುವಾಗ ತಮ್ಮಲ್ಲಿದ್ದ ಕೆಲಸಗಳ ನಕಲನ್ನು ಅದಕ್ಕೇ ಹಾಕಿಸಿಕೊಟ್ಟರು: ಪೇಜ್‌ಮೇಕರಿನ ಪುಟಗಳು, ಯೂನಿಕೋಡಿಗೆ ಮುಂಚಿನ ನುಡಿ ಮತ್ತು ಬರಹ ಅಕ್ಷರಗಳಲ್ಲಿ ಕೂಡಿಸಿದ ಸಂಕಲನಗಳು, ಅಚ್ಚಾದ ಪ್ರತಿ ಈಗೆಲ್ಲೂ ಸಿಗದ ಎರಡು ನಾಟಕಗಳು. ವರ್ಷಕ್ಕೆರಡು ಸಲ ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸುತ್ತೇನೆ. ತಟ್ಟೆ ತಿರುಗತೊಡಗುವ ಸದ್ದು ಬರುತ್ತದೆ, ಆಮೇಲೆ ತೋಳಿನ ‘ಕಟ ಕಟ’. ಕಡತಗಳ ಪಟ್ಟಿ ಪರದೆಯ ಮೇಲೆ ಒಂದೊಂದಾಗಿ ಮೂಡುತ್ತದೆ. ಈ ಸಲ ನಾಟಕವೊಂದನ್ನು ತೆರೆದಾಗ ಅಕ್ಷರಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಂಡವು. ಹಳೆಯ ನುಡಿ ಫಾಂಟು ಹೊಸ ಡ್ರೈವಿನಲ್ಲಿರಲಿಲ್ಲ. ಅದೂ ಆ ಡಿಸ್ಕಿನಲ್ಲೇ ಸಿಕ್ಕಿತು.